ಉಬ್ಬುವ ಫೈಲು, ಕೆಡುವ ಫೈಲು

ಡೆಸ್ಕ್‌ಟಾಪ್ ಡೇಟಾಬೇಸಿನಲ್ಲಿ ಮಾಹಿತಿಯೆಲ್ಲ ಸಾಮಾನ್ಯವಾಗಿ ಒಂದೇ ಫೈಲಿನೊಳಗೆ ಇರುತ್ತದೆ. ಸಹಕಾರ ಸಂಘದ ಸದಸ್ಯರ ಪಟ್ಟಿಯಾಗಲಿ, ಅಂಗಡಿಯ ಬಿಲ್ಲಾಗಲಿ, ಗ್ರಂಥಾಲಯದ ಪುಸ್ತಕಗಳ ಲೆಕ್ಕವಾಗಲಿ, ಟೇಬಲ್ಲು, ಇಂಡೆಕ್ಸು, ಫಾರಂ, ವರದಿ ಎಲ್ಲವೂ ಅಲ್ಲೇ. ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಬಹುದು, ಇ-ಮೇಲಿನಲ್ಲಿ ಕಳಿಸಬಹುದು. ಬೇರೆ ಸರ್ವರ್ ಬೇಡ, ಅದನ್ನು ನೋಡಿಕೊಳ್ಳಲು ಆಳೂ ಬೇಡ. ಈ ಅನುಕೂಲದ ಬೆನ್ನಿಗೇ ಎರಡು ತೊಡಕುಗಳಿವೆ. ದಿನ ಕಳೆದಂತೆ ಫೈಲು ಉಬ್ಬುತ್ತದೆ, ಒಮ್ಮೊಮ್ಮೆ ಕೆಟ್ಟು ತೆರೆಯುವುದನ್ನೇ ನಿಲ್ಲಿಸುತ್ತದೆ. ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಎರಡಕ್ಕೂ ಸೇರಿಸಿ 'ಕಾಂಪ್ಯಾಕ್ಟ್ ಅಂಡ್ ರಿಪೇರ್' ಎಂಬ ಒಂದೇ ಗುಂಡಿ ಇದೆ. ಅದರಿಂದಾಗಿಯೇ ಉಬ್ಬುವುದೂ ಕೆಡುವುದೂ ಒಂದೇ ರೋಗದ ಎರಡು ಹಂತ ಎಂದು ಬಹಳ ಜನ ನಂಬಿದ್ದಾರೆ. ನಿಜದಲ್ಲಿ ಎರಡರ ಕಾರಣಗಳೂ ಬೇರೆ, ಮದ್ದೂ ಬೇರೆ. ದಪ್ಪಗಾದ ಮಾತ್ರಕ್ಕೆ ಫೈಲು ಕೆಡುವುದಿಲ್ಲ. ದಿನಾ ಕಾಂಪ್ಯಾಕ್ಟ್ ಮಾಡಿದ ಮಾತ್ರಕ್ಕೆ ಕೆಡದೆ ಉಳಿಯುವುದೂ ಇಲ್ಲ.

ಆಕ್ಸೆಸ್‌ನ ಮೊದಲ ಆವೃತ್ತಿ ಬಂದದ್ದು 1992ರ ನವೆಂಬರಿನಲ್ಲಿ. ಅದರ ಒಳಗೆ ಮಾಹಿತಿಯನ್ನು ಓದಿ ಬರೆಯುವ ಭಾಗದ ಹೆಸರು ಜೆಟ್. ವಿಷುಯಲ್ ಬೇಸಿಕ್‌ನಲ್ಲಿ ಬರೆದ ಪ್ರೋಗ್ರಾಂಗಳೂ ಇದೇ ಜೆಟ್ ಎಂಜಿನನ್ನು ಬಳಸಬಹುದಾಗಿದ್ದರಿಂದ, ಕಂಪ್ಯೂಟರಿನಲ್ಲಿ ಆಕ್ಸೆಸ್ ಇಲ್ಲದಿದ್ದರೂ ಅದರ ಎಂಡಿಬಿ ಮಾದರಿಯ ಫೈಲುಗಳು ಬಿಲ್ಲಿಂಗ್, ಸ್ಟಾಕ್, ಸಂಬಳದ ಸಾಫ್ಟ್‌ವೇರ್‌ಗಳ ಹಿಂದೆ ಕೂತು ಕೆಲಸ ಮಾಡುತ್ತಿದ್ದವು. 2007ರ ಆಕ್ಸೆಸ್‌ನೊಂದಿಗೆ ಎಸಿಸಿಡಿಬಿ ಎಂಬ ಹೊಸ ಮಾದರಿಯೂ ಏಸ್ ಎಂಬ ಹೊಸ ಎಂಜಿನೂ ಬಂದವು. ಹೆಸರು ಬದಲಾದರೂ ಫೈಲಿನ ಒಳಗಿನ ಕಟ್ಟಡ ಹೆಚ್ಚುಕಡಿಮೆ ಹಳೆಯದೇ.

ಆ ಕಟ್ಟಡದ ಇಟ್ಟಿಗೆ ಎಂದರೆ ಪೇಜ್. ಫೈಲು ಆರಂಭದಿಂದ ಕೊನೆಯವರೆಗೆ ಒಂದೇ ಅಳತೆಯ ಪೇಜುಗಳ ಸಾಲು. ಆಕ್ಸೆಸ್ 97ರವರೆಗೆ ಒಂದೊಂದು ಪೇಜು 2 ಕೆಬಿ, ಆಕ್ಸೆಸ್ 2000ದಿಂದ ಈಚೆಗೆ 4 ಕೆಬಿ. ಕೆಲವು ಪೇಜುಗಳಲ್ಲಿ ರೆಕಾರ್ಡುಗಳು, ಕೆಲವದರಲ್ಲಿ ಇಂಡೆಕ್ಸು, ಕೆಲವದರಲ್ಲಿ ಉದ್ದನೆಯ ಟಿಪ್ಪಣಿಗಳು. ಯಾವ ಪೇಜು ಖಾಲಿ, ಯಾವುದು ಭರ್ತಿ ಎಂಬ ಲೆಕ್ಕ ಇಡಲೂ ಪೇಜುಗಳಿವೆ. ಒಂದು ಪೇಜಿನಲ್ಲಿ 'ಮುಂದಿನ ಭಾಗ ಇಂತಿಷ್ಟನೆಯ ಪೇಜಿನಲ್ಲಿದೆ' ಎಂಬ ಸೂಚನೆ ಇರುತ್ತದೆ. ಇಂಥ ಸಾವಿರಾರು ಸೂಚನೆಗಳು ಒಂದಕ್ಕೊಂದು ತಾಳೆಯಾಗುವವರೆಗೆ ಫೈಲು ಸರಿಯಾಗಿದೆ ಎಂದರ್ಥ.

ಅಳಿಸಿದ ರೆಕಾರ್ಡು ಎಲ್ಲಿ ಹೋಗುತ್ತದೆ?

ಎಲ್ಲಿಗೂ ಹೋಗುವುದಿಲ್ಲ. ಡಿಲೀಟ್ ಒತ್ತಿದಾಗ ಎಂಜಿನ್ ಮಾಡುವುದು 'ಇದು ಇನ್ನು ಲೆಕ್ಕಕ್ಕಿಲ್ಲ' ಎಂದು ಗುರುತು ಹಾಕುವುದಷ್ಟೆ. ಖಾತೆಪುಸ್ತಕದಲ್ಲಿ ಒಂದು ಸಾಲಿನ ಮೇಲೆ ಗೀಟೆಳೆದರೆ ಪುಸ್ತಕ ಹೇಗೆ ತೆಳ್ಳಗಾಗುವುದಿಲ್ಲವೋ ಹಾಗೆಯೇ ಇಲ್ಲಿ ಫೈಲೂ ಕುಗ್ಗುವುದಿಲ್ಲ. ಕಾಂಪ್ಯಾಕ್ಟ್ ಎಂದರೆ ಗೀಟು ಬೀಳದ ಸಾಲುಗಳನ್ನಷ್ಟೇ ಎತ್ತಿ ಹೊಸ ಪುಸ್ತಕಕ್ಕೆ ಬರೆದುಕೊಳ್ಳುವ ಕೆಲಸ.

ಈ ಪದ್ಧತಿ ಆಕ್ಸೆಸ್‌ಗಿಂತ ಹಳೆಯದು. ಡಿಬೇಸ್ ಮತ್ತು ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸ್ ಪ್ರೋಗ್ರಾಂಗಳಲ್ಲಿ ಕೆಲಸ ಮಾಡಿದವರಿಗೆ ಇದು ಕಣ್ಣಿಗೇ ಕಾಣುತ್ತಿತ್ತು. ಅವು ಬಳಸುವ ಡಿಬಿಎಫ್ ಫೈಲಿನ ಪ್ರತಿ ರೆಕಾರ್ಡಿನ ಮೊದಲ ಬೈಟು ಅಳಿಸಿದ್ದರ ಗುರುತಿಗೆಂದೇ ಮೀಸಲು. ಮಾಮೂಲಿಯಾಗಿ ಅಲ್ಲಿ ಖಾಲಿ ಜಾಗ ಇರುತ್ತದೆ, ಅಳಿಸಿದರೆ ನಕ್ಷತ್ರ ಚಿಹ್ನೆ ಬೀಳುತ್ತದೆ. 'ರೀಕಾಲ್' ಎಂದರೆ ಆ ನಕ್ಷತ್ರ ಹೋಗಿ ರೆಕಾರ್ಡು ಮತ್ತೆ ಜೀವಂತ. 'ಪ್ಯಾಕ್' ಎಂದರೆ ನಕ್ಷತ್ರವಿದ್ದವೆಲ್ಲ ಶಾಶ್ವತವಾಗಿ ಮಾಯ. ಪ್ಯಾಕ್ ಕೊಡುವ ಮುನ್ನ ಆ ಟೇಬಲ್ಲನ್ನು ಬೇರೆ ಯಾರೂ ತೆರೆದಿರಬಾರದು ಎಂಬ ನಿಯಮ ಆಗಲೂ ಇತ್ತು. ಫಾಕ್ಸ್‌ಪ್ರೊವನ್ನು ಮೈಕ್ರೋಸಾಫ್ಟ್ 1992ರಲ್ಲಿ ಕೊಂಡಿತು. ಅದರ ಕೊನೆಯ ಆವೃತ್ತಿಗೆ ಬೆಂಬಲ 2015ರ ಜನವರಿಯಲ್ಲಿ ಮುಗಿಯಿತು. ಆದರೂ ಅದರ ಫೈಲುಗಳು ಹಳೆಯ ಲೆಕ್ಕಪತ್ರ ಇರುವ ಕಚೇರಿಗಳಲ್ಲಿ ಇನ್ನೂ ಸಿಗುತ್ತವೆ.

ಆಕ್ಸೆಸ್‌ನಲ್ಲಿ ಖಾಲಿಯಾದ ಪೇಜುಗಳನ್ನು ಎಂಜಿನ್ ಮುಂದೆ ಎಂದಾದರೂ ಮರುಬಳಕೆ ಮಾಡಬಹುದು, ಆದರೆ ಡಿಸ್ಕಿಗೆ ಹಿಂತಿರುಗಿಸುವುದಿಲ್ಲ. ಉಬ್ಬುವಿಕೆಗೆ ಅಳಿಸುವುದೊಂದೇ ಕಾರಣವೂ ಅಲ್ಲ. ದೊಡ್ಡ ಕ್ವೆರಿಗಳನ್ನು ಓಡಿಸುವಾಗ ಆಕ್ಸೆಸ್ ತಾತ್ಕಾಲಿಕವಾದ ಗುಪ್ತ ವಸ್ತುಗಳನ್ನು ಸೃಷ್ಟಿಸುತ್ತದೆ, ಅವು ಕೆಲವೊಮ್ಮೆ ಹಾಗೆಯೇ ಉಳಿದುಬಿಡುತ್ತವೆ. ಪ್ರತಿ ತಿಂಗಳೂ ಎಕ್ಸೆಲ್ ಹಾಳೆಯಿಂದ ಐವತ್ತು ಸಾವಿರ ಸಾಲು ತಂದು ತುಂಬಿ, ವರದಿ ತೆಗೆದು, ಮತ್ತೆ ಅಳಿಸುವ ಅಭ್ಯಾಸ ಬಹಳ ಕಡೆ ಇದೆ. ಫೈಲನ್ನು ಇಷ್ಟು ಬೇಗ ದಪ್ಪಗಾಗಿಸುವ ಕೆಲಸ ಇನ್ನೊಂದಿರಲಿಕ್ಕಿಲ್ಲ. ಇಂಥ ತಾತ್ಕಾಲಿಕ ಟೇಬಲ್ಲುಗಳಿಗೆ ಬೇರೆಯೇ ಒಂದು ಫೈಲು ಇಟ್ಟು, ಕೆಲಸ ಮುಗಿದ ಮೇಲೆ ಆ ಫೈಲನ್ನೇ ಅಳಿಸಿಹಾಕುವುದು ಜಾಣತನ. ಫೋಟೋ, ಸ್ಕ್ಯಾನ್ ಮಾಡಿದ ದಾಖಲೆಗಳನ್ನು ಟೇಬಲ್ಲಿನ ಒಳಗೇ ಸೇರಿಸುವುದು ಮತ್ತೊಂದು ಕಾರಣ. ಚಿತ್ರಗಳನ್ನು ಫೋಲ್ಡರಿನಲ್ಲಿಟ್ಟು, ಟೇಬಲ್ಲಿನಲ್ಲಿ ಅವುಗಳ ವಿಳಾಸ ಮಾತ್ರ ಬರೆದರೆ ಸಾಕು.

ಕನ್ನಡದಲ್ಲಿ ಮಾಹಿತಿ ತುಂಬುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಆಕ್ಸೆಸ್ 2000ದಿಂದ ಅಕ್ಷರಗಳೆಲ್ಲ ಯೂನಿಕೋಡ್. ಒಂದೊಂದು ಸಂಕೇತಕ್ಕೆ 2 ಬೈಟು. 'ಯೂನಿಕೋಡ್ ಕಂಪ್ರೆಶನ್' ಎಂಬ ಆಯ್ಕೆ ಅದನ್ನು 1 ಬೈಟಿಗೆ ಇಳಿಸುತ್ತದೆ ನಿಜ, ಆದರೆ ಸಂಕೇತದ ಮೊದಲ ಬೈಟು ಸೊನ್ನೆಯಾಗಿರುವ ಇಂಗ್ಲಿಷ್, ಜರ್ಮನ್‌ನಂಥ ಭಾಷೆಗಳಿಗೆ ಮಾತ್ರ. ಕನ್ನಡದ ಸಂಕೇತಗಳು ಆ ಗುಂಪಿನಲ್ಲಿಲ್ಲ, ಹಾಗಾಗಿ ಅವುಗಳಿಗೆ ಆ ರಿಯಾಯಿತಿ ಸಿಗುವುದಿಲ್ಲ. ಮೇಲಾಗಿ ಒತ್ತು, ಗುಣಿತಗಳೂ ಪ್ರತ್ಯೇಕ ಸಂಕೇತಗಳೇ. 'ಕರ್ನಾಟಕ' ಎಂಬ ಪದ ಕಣ್ಣಿಗೆ ನಾಲ್ಕು ಅಕ್ಷರ. ಒಳಗೆ ಅದು 7 ಸಂಕೇತ, 14 ಬೈಟು. ನುಡಿಯಂಥ ಹಳೆಯ ಫಾಂಟುಗಳಲ್ಲಿ ತುಂಬಿದ್ದ ಪಟ್ಟಿಯನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಫೈಲು ದೊಡ್ಡದಾದರೆ ಅದು ಉಬ್ಬುವಿಕೆಯಲ್ಲ, ಅದರ ಸಹಜ ಗಾತ್ರವೇ ಅದು. ಎಷ್ಟು ಸಲ ಕಾಂಪ್ಯಾಕ್ಟ್ ಮಾಡಿದರೂ ಅದು ಇಳಿಯುವುದಿಲ್ಲ. 255 ಅಕ್ಷರದ ಮಿತಿಯಿರುವ ಕಾಲಂನಲ್ಲಿ ಕನ್ನಡದ ವಿಳಾಸ ಅರ್ಧಕ್ಕೇ ನಿಲ್ಲುವುದಕ್ಕೂ ಇದೇ ಕಾರಣ.

ಫೈಲು ಉಬ್ಬಿದರೆ ನಷ್ಟವೇನು ಎಂದರೆ, ಕೆಲಸ ನಿಧಾನವಾಗುವುದು ಒಂದು, ಮಿತಿ ಮುಟ್ಟುವುದು ಇನ್ನೊಂದು. ಆಕ್ಸೆಸ್ 97ರವರೆಗೆ ಒಂದು ಫೈಲಿನ ಗರಿಷ್ಠ ಗಾತ್ರ 1 ಜಿಬಿ, ಆಮೇಲೆ 2 ಜಿಬಿ. ಇವತ್ತಿಗೂ ಅದು 2 ಜಿಬಿಯೇ. ಅಳಿಸಿದ ಜಾಗವೂ ತಾತ್ಕಾಲಿಕ ಜಾಗವೂ ಈ ಲೆಕ್ಕಕ್ಕೆ ಬರುತ್ತವೆ. ಮಿತಿ ಮುಟ್ಟಿದಾಗ 'ಜಾಗ ಮುಗಿದಿದೆ' ಎಂದು ಆಕ್ಸೆಸ್ ನೇರವಾಗಿ ಹೇಳುವುದಿಲ್ಲ. 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಎಂಬ ಒಗಟಿನಂಥ ಸಂದೇಶ ಕೊಡುತ್ತದೆ. ಹಾಗಾಗಿ ಗಾತ್ರ ಒಂದೂವರೆ ಜಿಬಿ ದಾಟಿದ ಫೈಲಿನ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

ಮೂರನೆಯ ನಷ್ಟ ಗೋಪ್ಯತೆಯದು, ಅದರ ಬಗ್ಗೆ ಯೋಚಿಸುವವರು ಕಡಿಮೆ. ಅಳಿಸಿದ ಸದಸ್ಯರ ಹೆಸರು, ಫೋನ್ ನಂಬರುಗಳು ಕಾಂಪ್ಯಾಕ್ಟ್ ಆಗುವವರೆಗೆ ಫೈಲಿನಲ್ಲೇ ಬಿದ್ದಿರಬಹುದು. ತಕ್ಕ ಉಪಕರಣ ಇದ್ದವರು ಅವನ್ನು ಓದಲೂಬಹುದು. ಹೊರಗಿನವರಿಗೆ ಕಳಿಸುವ ಡೇಟಾಬೇಸನ್ನು ಕಳಿಸುವ ಮುನ್ನ ಕಾಂಪ್ಯಾಕ್ಟ್ ಮಾಡುವುದು ಈ ಕಾರಣಕ್ಕಾದರೂ ಬೇಕು.

ಕಾಂಪ್ಯಾಕ್ಟ್ ಎಂಬ ಕ್ರಿಯೆ

ಕಾಂಪ್ಯಾಕ್ಟ್ ಮಾಡುವಾಗ ಎಂಜಿನ್ ಇರುವ ಫೈಲನ್ನು ಒತ್ತಿ ಚಿಕ್ಕದು ಮಾಡುವುದಿಲ್ಲ. ಪಕ್ಕದಲ್ಲಿ ಹೊಸದೊಂದು ಫೈಲು ತೆರೆದು, ಹಳೆಯದರಿಂದ ಒಂದೊಂದೇ ಟೇಬಲ್ಲನ್ನು ಓದಿ ಅಲ್ಲಿಗೆ ಬರೆಯುತ್ತದೆ. ಪ್ರೈಮರಿ ಕೀ ಇರುವ ಟೇಬಲ್ಲಿನ ರೆಕಾರ್ಡುಗಳು ಅದೇ ಕ್ರಮದಲ್ಲಿ ಒತ್ತೊತ್ತಾಗಿ ಕೂರುತ್ತವೆ, ಇಂಡೆಕ್ಸುಗಳನ್ನು ಮೊದಲಿನಿಂದ ಕಟ್ಟಲಾಗುತ್ತದೆ. ಟೇಬಲ್ಲಿನಲ್ಲಿ ಎಷ್ಟು ರೆಕಾರ್ಡಿವೆ ಎಂಬ ಅಂಕಿಅಂಶ ಹೊಸದಾಗುವುದರಿಂದ ಕ್ವೆರಿಗಳೂ ಮುಂದಿನ ಬಾರಿ ಓಡುವಾಗ ಹೊಸ ದಾರಿ ಲೆಕ್ಕ ಹಾಕಿಕೊಳ್ಳುತ್ತವೆ. ಕಾಂಪ್ಯಾಕ್ಟ್ ಆದಮೇಲೆ ವೇಗ ಹೆಚ್ಚಿದಂತೆ ಅನ್ನಿಸುವುದಕ್ಕೆ ಗಾತ್ರಕ್ಕಿಂತ ಇದೇ ದೊಡ್ಡ ಕಾರಣ. ಎಲ್ಲ ಮುಗಿದ ಮೇಲೆ ಹಳೆಯ ಫೈಲು ಹೋಗಿ, ಹೊಸದಕ್ಕೆ ಹಳೆಯ ಹೆಸರು ಬರುತ್ತದೆ. ಪೂರ್ತಿ ಖಾಲಿಯಾಗಿದ್ದ ಟೇಬಲ್ಲಿನ ಆಟೋನಂಬರ್ ಮತ್ತೆ 1ರಿಂದ ಶುರುವಾಗುವುದು ಇದರ ಒಂದು ಅಡ್ಡಪರಿಣಾಮ. ಹಳೆಯ ರಸೀದಿ ಸಂಖ್ಯೆಗೆ ಆಟೋನಂಬರನ್ನೇ ನಂಬಿಕೊಂಡವರಿಗೆ ಇದು ಪೇಚಿನ ಸಂಗತಿ.

ಈ ಕ್ರಮ ಅರ್ಥವಾದರೆ ಎಚ್ಚರಿಕೆಗಳೆಲ್ಲ ತಾವಾಗಿಯೇ ಹೊಳೆಯುತ್ತವೆ. ಎರಡು ಫೈಲು ಒಟ್ಟಿಗೆ ಇರಬೇಕಾದ್ದರಿಂದ ಡಿಸ್ಕಿನಲ್ಲಿ ಕನಿಷ್ಠ ಅಷ್ಟೇ ಜಾಗ ಖಾಲಿ ಇರಬೇಕು. ನಕಲು ನಡೆಯುವಾಗ ಮತ್ತೊಬ್ಬರು ಹಳೆಯದರಲ್ಲಿ ಬರೆಯಬಾರದು, ಅಂದರೆ ಫೈಲು ಒಬ್ಬರ ಕೈಯಲ್ಲೇ ಇರಬೇಕು. ನಕಲಿನ ಮಧ್ಯೆ ವಿದ್ಯುತ್ತೋ ನೆಟ್‌ವರ್ಕೋ ಹೋದರೆ ಅರೆಬರೆ ಫೈಲು ಉಳಿಯುತ್ತದೆ. ಫೋಲ್ಡರಿನಲ್ಲಿ 'ಡಿಬಿ1' ಎಂದೋ 'ಡೇಟಾಬೇಸ್1' ಎಂದೋ ಯಾರೂ ಮಾಡದ ಫೈಲೊಂದು ಕಂಡರೆ ಅದು ಮಧ್ಯದಲ್ಲೇ ನಿಂತ ಕಾಂಪ್ಯಾಕ್ಟ್‌ನ ಗುರುತು. ಮೂಲ ಫೈಲು ಇದೆಯೇ, ತೆರೆಯುತ್ತದೆಯೇ ಎಂದು ನೋಡುವವರೆಗೆ ಅದನ್ನು ಅಳಿಸಕೂಡದು.

ಸುರಕ್ಷಿತವಾಗಿ ಮಾಡಬೇಕೆಂದರೆ ಮೊದಲ ಕೆಲಸ ಎಲ್ಲರನ್ನೂ ಹೊರಗೆ ಕಳಿಸುವುದು. ಯಾರು ಒಳಗಿದ್ದಾರೆ ಎಂದು ತಿಳಿಯುವ ದಾರಿ ಲಾಕ್ ಫೈಲು: ಎಂಡಿಬಿಯ ಪಕ್ಕದಲ್ಲಿ ಅದೇ ಹೆಸರಿನ ಎಲ್‌ಡಿಬಿ, ಎಸಿಸಿಡಿಬಿಯ ಪಕ್ಕದಲ್ಲಿ ಎಲ್‌ಎಸಿಸಿಡಿಬಿ. ಮೊದಲನೆಯವರು ತೆರೆದಾಗ ಹುಟ್ಟಿ, ಕೊನೆಯವರು ಮುಚ್ಚಿದಾಗ ಅದು ಅಳಿಯುತ್ತದೆ. ಒಬ್ಬೊಬ್ಬರಿಗೂ ಅದರಲ್ಲಿ 64 ಬೈಟು ಜಾಗ, ಅರ್ಧ ಕಂಪ್ಯೂಟರಿನ ಹೆಸರಿಗೆ, ಅರ್ಧ ಬಳಕೆದಾರರ ಹೆಸರಿಗೆ. ಗರಿಷ್ಠ 255 ಮಂದಿ. ಎಲ್ಲರೂ ಮುಚ್ಚಿದ ಮೇಲೂ ಲಾಕ್ ಫೈಲು ಉಳಿದಿದ್ದರೆ ಯಾರದೋ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಹಿನ್ನೆಲೆಯಲ್ಲಿ ಇನ್ನೂ ಓಡುತ್ತಿದೆ, ಇಲ್ಲವೇ ಯಾರೋ ಸರಿಯಾಗಿ ಮುಚ್ಚದೆ ಹೋಗಿದ್ದಾರೆ, ಅಥವಾ ಆ ಫೋಲ್ಡರಿನಲ್ಲಿ ಫೈಲು ಅಳಿಸುವ ಅನುಮತಿ ಅವರಿಗೆ ಕೊಟ್ಟಿಲ್ಲ. ಈ ಕೊನೆಯದು ಸರ್ವೇಸಾಮಾನ್ಯ. ಹಂಚಿಕೊಂಡ ಫೋಲ್ಡರಿನಲ್ಲಿ ಓದುವ, ಬರೆಯುವ ಅನುಮತಿಯ ಜತೆಗೆ ಸೃಷ್ಟಿಸುವ, ಅಳಿಸುವ ಅನುಮತಿಯೂ ಇರಲೇಬೇಕು.

ಎರಡನೆಯದು ಬ್ಯಾಕಪ್. ಎಲ್ಲರೂ ಹೊರಬಿದ್ದ ಮೇಲೆ ತೆಗೆದದ್ದೇ ಬ್ಯಾಕಪ್. ಫೈಲು ತೆರೆದಿರುವಾಗ ಎಕ್ಸ್‌ಪ್ಲೋರರಿನಲ್ಲಿ ಕಾಪಿ-ಪೇಸ್ಟ್ ಮಾಡಿದ್ದು ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಕಾಪಿ ನಡೆಯುವ ಹೊತ್ತಿಗೇ ಯಾರೋ ಎರಡು ಪೇಜು ಬದಲಾಯಿಸಿ, ಒಂದು ಹಳೆಯದು ಒಂದು ಹೊಸದು ಸೇರಿಕೊಂಡಿರಬಹುದು. ತೆಗೆದ ಬ್ಯಾಕಪ್ಪನ್ನು ಬೇರೆ ಡಿಸ್ಕಿನಲ್ಲಿಟ್ಟು, ಒಮ್ಮೆ ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

ಮೂರನೆಯದು, ನೆಟ್‌ವರ್ಕಿನ ಮೇಲಿಂದ ಕಾಂಪ್ಯಾಕ್ಟ್ ಮಾಡದಿರುವುದು. ಸರ್ವರಿನಲ್ಲಿರುವ ಫೈಲನ್ನು ತಂತಿಯ ಮೂಲಕ ಓದಿ, ತಂತಿಯ ಮೂಲಕವೇ ಬರೆಯುವುದು ನಿಧಾನವೂ ಹೌದು, ಅಪಾಯವೂ ಹೌದು. ಅದರ ಬದಲು ಮೂಲ ಫೈಲಿಗೆ ದಿನಾಂಕ ಸೇರಿಸಿ ಹೆಸರು ಬದಲಾಯಿಸಿದರೆ ಯಾರೂ ಅಪ್ಪಿತಪ್ಪಿ ತೆರೆಯಲಾರರು. ಆಮೇಲೆ ಅದನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ಅಲ್ಲಿ ಕಾಂಪ್ಯಾಕ್ಟ್ ಮಾಡಿ, ಪರೀಕ್ಷಿಸಿ, ಹಳೆಯ ಹೆಸರಿನಲ್ಲಿ ವಾಪಸು ಇಡಬೇಕು. ಪ್ರೋಗ್ರಾಂ ಬರೆಯುವವರು ಬಳಸುವ 'ಕಾಂಪ್ಯಾಕ್ಟ್ ಡೇಟಾಬೇಸ್' ಎಂಬ ಆದೇಶ ಇದೇ ಶಿಸ್ತನ್ನು ಕಡ್ಡಾಯ ಮಾಡುತ್ತದೆ: ಮೂಲದ ಹೆಸರೂ ಗುರಿಯ ಹೆಸರೂ ಒಂದೇ ಆಗಿದ್ದರೆ ಅದು ಕೆಲಸವನ್ನೇ ಮಾಡುವುದಿಲ್ಲ. ಮೆನುವಿನ ಗುಂಡಿಗಿಂತ ಈ ಆದೇಶ ಮೇಲು ಎನ್ನುವುದಕ್ಕೆ ಅದೊಂದೇ ಸಾಕು. ಹಳೆಯ ಫೈಲು ಮುಟ್ಟದೆ ಹಾಗೆಯೇ ಉಳಿಯುತ್ತದೆ.

ಮುಗಿದ ಮೇಲೆ ಪರೀಕ್ಷೆ ಎಂದರೆ ಮುಖ್ಯ ಟೇಬಲ್ಲುಗಳ ರೆಕಾರ್ಡಿನ ಸಂಖ್ಯೆ ಮೊದಲಿನಷ್ಟೇ ಇದೆಯೇ ಎಂದು ತಾಳೆ ನೋಡುವುದು. ಓದಲಾಗದ್ದು ಏನಾದರೂ ಸಿಕ್ಕಿದ್ದರೆ ಆಕ್ಸೆಸ್ ತಾನೇ 'ಎಂಸಿಸ್ ಕಾಂಪ್ಯಾಕ್ಟ್ ಎರರ್ಸ್' ಎಂಬ ಟೇಬಲ್ಲು ಮಾಡಿ, ಯಾವ ಟೇಬಲ್ಲಿನಲ್ಲಿ ಯಾವ ತಪ್ಪು ಎಂದು ಬರೆದಿಡುತ್ತದೆ. ಆ ಟೇಬಲ್ಲು ಹುಟ್ಟಿದ್ದನ್ನು ಯಾರೂ ಗಮನಿಸದೆ ತಿಂಗಳುಗಟ್ಟಲೆ ಕೆಲಸ ಮುಂದುವರಿದರೆ, ಕಳೆದುಹೋದ ರೆಕಾರ್ಡು ಇರುವ ಬ್ಯಾಕಪ್ಪೂ ಅಷ್ಟರಲ್ಲಿ ಅಳಿದಿರುತ್ತದೆ.

'ಮುಚ್ಚುವಾಗ ಕಾಂಪ್ಯಾಕ್ಟ್ ಮಾಡು' ಎಂಬ ಆಯ್ಕೆಯೊಂದು ಆಕ್ಸೆಸ್‌ನಲ್ಲಿದೆ. ಕೇಳಲು ಹಿತವಾಗಿದೆ, ಆದರೆ ಅದನ್ನು ಆನ್ ಮಾಡದಿರುವುದೇ ಲೇಸು. ಸಂಜೆ ಮನೆಗೆ ಹೊರಡುವ ಆತುರದಲ್ಲಿ, ಬ್ಯಾಕಪ್ ಇಲ್ಲದೆ, ಇಡೀ ಫೈಲನ್ನು ಮರುಬರೆಯುವ ಕೆಲಸವನ್ನು ಅದು ಶುರುಮಾಡುತ್ತದೆ. ತಡವಾಯಿತೆಂದು ಯಾರಾದರೂ ಪವರ್ ಗುಂಡಿ ಒತ್ತಿದರೆ ಮುಗಿಯಿತು. ಅಲ್ಲದೆ ಅದು ಕಾಂಪ್ಯಾಕ್ಟ್ ಮಾಡುವುದು ತೆರೆದಿರುವ ಫೈಲನ್ನು ಮಾತ್ರ. ಟೇಬಲ್ಲುಗಳು ಬೇರೆ ಫೈಲಿನಲ್ಲಿದ್ದರೆ ಅದನ್ನು ಮುಟ್ಟುವುದೇ ಇಲ್ಲ.

ಕೆಡುವುದು ಹೇಗೆ?

ಒಂದು ಹೊಸ ರೆಕಾರ್ಡು ಸೇರಿಸುವುದು ಹೊರಗೆ ಒಂದೇ ಕೆಲಸದಂತೆ ಕಂಡರೂ ಒಳಗೆ ಹಲವು ಪೇಜುಗಳಲ್ಲಿ ಬರೆಯಬೇಕಾಗುತ್ತದೆ: ರೆಕಾರ್ಡಿನ ಪೇಜು, ಪ್ರತಿ ಇಂಡೆಕ್ಸಿನ ಪೇಜು, ಖಾಲಿ ಜಾಗದ ಲೆಕ್ಕದ ಪೇಜು. ಇವುಗಳಲ್ಲಿ ಎರಡು ಬರೆದು ಮೂರನೆಯದು ಬರೆಯುವ ಮುನ್ನ ನಿಂತರೆ ಸೂಚನೆಗಳು ತಾಳೆಯಾಗುವುದಿಲ್ಲ. ಕರಪ್ಟ್ ಆಗುವುದು ಎಂದರೆ ಬಹುಪಾಲು ಇಷ್ಟೇ.

ಜೆಟ್ ಎಂಜಿನಿಗೆ ಇದನ್ನು ಪತ್ತೆ ಹಚ್ಚುವ ಒಂದು ಉಪಾಯವಿದೆ. ಫೈಲಿನ ಮೊದಲ ಪೇಜಿನಲ್ಲಿ ಪ್ರತಿ ಬಳಕೆದಾರರಿಗೂ ಒಂದು ಸಣ್ಣ ಗುರುತಿನ ಜಾಗ. ಬರೆಯಲು ಶುರುಮಾಡಿದಾಗ ಗುರುತು ಬದಲಾಗಿ, ಬರೆದು ಮುಗಿದಾಗ ಮೊದಲಿನಂತಾಗುತ್ತದೆ. ಮುಂದೆ ತೆರೆಯುವವರ ಎಂಜಿನ್‌ಗೆ 'ಬರೆಯುತ್ತಿದ್ದೇನೆ' ಎಂಬ ಗುರುತು ಕಂಡು, ಬರೆಯುತ್ತಿರುವವರು ಮಾತ್ರ ಯಾರೂ ಇಲ್ಲ ಎಂದಾದರೆ ಫೈಲು ಸಂಶಯಾಸ್ಪದ ಎಂದು ಘೋಷಿಸಿ ರಿಪೇರಿ ಕೇಳುತ್ತದೆ. ಅನೇಕ ಬಾರಿ ಮಾಹಿತಿಗೆ ಏನೂ ಆಗಿರುವುದಿಲ್ಲ, ಗುರುತು ಮಾತ್ರ ಉಳಿದಿರುತ್ತದೆ. ಕಾಂಪ್ಯಾಕ್ಟ್ ಒತ್ತಿದೊಡನೆ ಎಲ್ಲ ಸರಿಹೋಗುವ ಪ್ರಸಂಗಗಳ ಗುಟ್ಟು ಇದು.

ಇಲ್ಲಿ ಆಕ್ಸೆಸ್‌ನ ಒಂದು ಮೂಲ ಸ್ವಭಾವ ಮುಖ್ಯವಾಗುತ್ತದೆ. ಫೈಲು ಸರ್ವರಿನಲ್ಲಿದ್ದರೂ ಅದನ್ನು ಬರೆಯುವುದು ಸರ್ವರ್ ಅಲ್ಲ. ಹತ್ತು ಮಂದಿ ತೆರೆದಿದ್ದರೆ ಹತ್ತು ಕಂಪ್ಯೂಟರುಗಳ ಹತ್ತು ಎಂಜಿನುಗಳು ಒಂದೇ ಫೈಲಿಗೆ ನೇರವಾಗಿ ಕೈ ಹಾಕುತ್ತವೆ. ಅವುಗಳಲ್ಲಿ ಯಾವುದೇ ಒಂದರ ಸಂಪರ್ಕ ಕಡಿದರೂ ಪೆಟ್ಟು ಎಲ್ಲರ ಫೈಲಿಗೆ. ಬೆಂಗಳೂರಾಗಲಿ ಬೀದರ್ ಆಗಲಿ, ಬೇಸಿಗೆಯಲ್ಲಿ ಕರೆಂಟು ಕೈಕೊಡುವ ಊರಿನಲ್ಲಿ ಸರ್ವರಿಗೆ ಯುಪಿಎಸ್ ಇಟ್ಟು ನಿಶ್ಚಿಂತರಾಗುವವರಿದ್ದಾರೆ. ಆದರೆ ಮಧ್ಯದ ನೆಟ್‌ವರ್ಕ್ ಸ್ವಿಚ್ಚಿಗೆ ಯುಪಿಎಸ್ ಇಲ್ಲದಿದ್ದರೆ ಕರೆಂಟು ಹೋದ ಕ್ಷಣವೇ ಎಲ್ಲ ಸಂಪರ್ಕಗಳೂ ಕಡಿದುಹೋಗುತ್ತವೆ, ಸರ್ವರ್ ಎಷ್ಟೇ ಹೊತ್ತು ಉರಿದರೂ ಉಪಯೋಗವಿಲ್ಲ. ವೈ-ಫೈ ಇದಕ್ಕಿಂತ ಕೆಟ್ಟದ್ದು. ವಿಡಿಯೋ ನೋಡುವಾಗ ಗಮನಕ್ಕೂ ಬಾರದ ಅರೆಕ್ಷಣದ ಕಡಿತ ಡೇಟಾಬೇಸಿಗೆ ಸಾಕು. ಹಂಚಿಕೊಂಡ ಆಕ್ಸೆಸ್ ಫೈಲನ್ನು ವೈ-ಫೈ ಅಥವಾ ವಿಪಿಎನ್ ಮೂಲಕ ತೆರೆಯಬಾರದು. ಮನೆಯಿಂದ ಕೆಲಸ ಮಾಡುವವರು ಕಚೇರಿಯ ಕಂಪ್ಯೂಟರಿಗೇ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋಗಿ ಅಲ್ಲಿಂದಲೇ ತೆರೆದರೆ ಫೈಲು ತಂತಿ ದಾಟುವುದಿಲ್ಲ.

ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳ ಸಿಂಕ್ ಫೋಲ್ಡರಿನಲ್ಲಿ ಫೈಲಿಟ್ಟು ಇಬ್ಬರು ಬಳಸುವುದು ಹೊಸ ಕಾಲದ ತಪ್ಪು. ಸಿಂಕ್ ಸೇವೆಗೆ ಪೇಜು, ಲಾಕ್ ಏನೂ ಗೊತ್ತಿಲ್ಲ. ಅದು ಇಡೀ ಫೈಲನ್ನು ಎತ್ತಿ ಇಡುತ್ತದೆ. ಇಬ್ಬರೂ ಬದಲಾಯಿಸಿದ್ದರೆ ಎರಡು ಫೈಲುಗಳಾಗುತ್ತವೆ, ಇಲ್ಲವೇ ಒಬ್ಬರ ಕೆಲಸ ಇನ್ನೊಬ್ಬರದನ್ನು ಅಳಿಸುತ್ತದೆ.

ಎಲ್ಲ ಸಲವೂ ಬಳಕೆದಾರರದ್ದೇ ತಪ್ಪು ಎಂದಲ್ಲ. 2018ರಲ್ಲಿ ವಿಂಡೋಸ್ 10ರ 1803 ಎಂಬ ಆವೃತ್ತಿ ಬಂದ ಮೇಲೆ, ವರ್ಷಗಟ್ಟಲೆ ತೊಂದರೆ ಕೊಡದಿದ್ದ ಹಂಚಿಕೊಂಡ ಆಕ್ಸೆಸ್ ಫೈಲುಗಳು ಕೂಡ 'ಡೇಟಾಬೇಸ್ ಅಸ್ಥಿರ ಸ್ಥಿತಿಯಲ್ಲಿದೆ' ಎಂಬರ್ಥದ ಸಂದೇಶ ತೋರಿಸತೊಡಗಿದವು. ನೆಟ್‌ವರ್ಕಿನ ಫೈಲನ್ನು ಬೇಗ ಓದಲೆಂದು ವಿಂಡೋಸ್ ಅದರ ಭಾಗಗಳನ್ನು ತನ್ನಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಒಂದು ವ್ಯವಸ್ಥೆಯಿದೆ. ಅದಕ್ಕೆ ಲೀಸಿಂಗ್ ಎಂದು ಹೆಸರು. ತೊಡಕು ಇದ್ದದ್ದು ಅಲ್ಲಿ. ಫೈಲು ಇರುವ ಕಂಪ್ಯೂಟರಿನಲ್ಲಿ ಲೀಸಿಂಗನ್ನು ನಿಲ್ಲಿಸುವುದೇ ಆಗ ಮೈಕ್ರೋಸಾಫ್ಟ್ ಸೂಚಿಸಿದ ಪರಿಹಾರ. ಆ ಫೈಲುಗಳನ್ನು ದಿನಕ್ಕೆ ನಾಲ್ಕು ಸಲ ಕಾಂಪ್ಯಾಕ್ಟ್ ಮಾಡಿದವರಿಗೆ ನಾಲ್ಕು ಸಲವೂ ಅದೇ ಸಂದೇಶ ಮರಳಿ ಬರುತ್ತಿತ್ತು. ಪದೇಪದೇ ಕೆಡುವ ಫೈಲಿನ ದೋಷವನ್ನು ಫೈಲಿನಲ್ಲಿ ಹುಡುಕುವುದಕ್ಕಿಂತ ತಂತಿ, ಸ್ವಿಚ್ಚು, ನೆಟ್‌ವರ್ಕ್ ಕಾರ್ಡು, ವಿಂಡೋಸ್ ಅಪ್‌ಡೇಟುಗಳಲ್ಲಿ ಹುಡುಕುವುದು ಮೇಲು.

ತಡೆಯುವ ಉಪಾಯಗಳಲ್ಲಿ ದೊಡ್ಡದು ಫೈಲನ್ನು ಎರಡಾಗಿ ಒಡೆಯುವುದು. ಟೇಬಲ್ಲುಗಳು ಮಾತ್ರ ಇರುವ ಫೈಲು ಸರ್ವರಿನಲ್ಲಿ, ಅದಕ್ಕೆ ಬ್ಯಾಕ್ ಎಂಡ್ ಎನ್ನುತ್ತಾರೆ. ಫಾರಂ, ವರದಿ, ಕ್ವೆರಿ, ಕೋಡ್ ಇರುವ ಫ್ರಂಟ್ ಎಂಡ್ ಒಬ್ಬೊಬ್ಬರ ಕಂಪ್ಯೂಟರಿನಲ್ಲೂ ಒಂದೊಂದು ಪ್ರತಿ. ಒಂದೇ ಫ್ರಂಟ್ ಎಂಡನ್ನು ಸರ್ವರಿನಲ್ಲಿಟ್ಟು ಎಲ್ಲರೂ ತೆರೆಯುವುದು ಅರ್ಧ ಒಡೆದಂತೆ, ಅದರಿಂದ ಲಾಭವಿಲ್ಲ. ಸರಿಯಾಗಿ ಒಡೆದಾಗ ತಾತ್ಕಾಲಿಕ ಉಬ್ಬು ಬಹುಪಾಲು ಫ್ರಂಟ್ ಎಂಡಿನಲ್ಲೇ ಆಗುತ್ತದೆ, ಅದನ್ನು ಕಾಂಪ್ಯಾಕ್ಟ್ ಮಾಡುವ ಗೋಜೂ ಬೇಡ, ಹೊಸ ಪ್ರತಿ ತಂದು ಹಾಕಿದರೆ ಆಯಿತು. ಬ್ಯಾಕ್ ಎಂಡನ್ನು ತಿಂಗಳಿಗೊಮ್ಮೆಯೋ, ಬಳಕೆ ಜೋರಾಗಿದ್ದರೆ ವಾರಕ್ಕೊಮ್ಮೆಯೋ ರಜೆಯ ದಿನ ಕಾಂಪ್ಯಾಕ್ಟ್ ಮಾಡಿದರೆ ಸಾಕು. ಗಾತ್ರ ಅಷ್ಟೇನೂ ಇಳಿಯದಿದ್ದರೆ ಅಂತರವನ್ನು ಇನ್ನೂ ಹೆಚ್ಚಿಸಬಹುದು.

ಕೆಟ್ಟ ಮೇಲೆ

'ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್' ಎಂಬ ಸಂದೇಶ ಕಂಡೊಡನೆ ಕೈ ರಿಪೇರಿ ಗುಂಡಿಗೆ ಹೋಗುತ್ತದೆ. ಮೊದಲು ಹೋಗಬೇಕಾದ್ದು ಕಾಪಿಗೆ. ಕೆಟ್ಟ ಫೈಲನ್ನೂ ಕಾಪಿ ಮಾಡಿ, ಆ ಕಾಪಿಯ ಮೇಲೆಯೇ ಚಿಕಿತ್ಸೆ ನಡೆಸಬೇಕು. ರಿಪೇರಿ ಓದಲಾದದ್ದನ್ನು ಉಳಿಸಿ, ಓದಲಾಗದ್ದನ್ನು ಬಿಟ್ಟುಬಿಡುತ್ತದೆ. ಹಾಗೆ ಬಿಟ್ಟದ್ದನ್ನು ಬೇರೆ ಉಪಾಯದಿಂದ ಹಿಡಿಯಬಹುದಾಗಿದ್ದರೂ ರಿಪೇರಿ ಆದಮೇಲೆ ಅದು ಫೈಲಿನಲ್ಲೇ ಇರುವುದಿಲ್ಲ. ಆಕ್ಸೆಸ್ 97ರ ಕಾಲದಲ್ಲಿ ರಿಪೇರಿ ಬೇರೆ, ಕಾಂಪ್ಯಾಕ್ಟ್ ಬೇರೆ ಇದ್ದವು. 2000ದಲ್ಲಿ ಎರಡನ್ನೂ ಒಂದು ಮಾಡಲಾಯಿತು. ಜಾಗ ಉಳಿಸಲೆಂದು ಒತ್ತಿದವರಿಗೂ ಆಗಿನಿಂದ ರಿಪೇರಿ ಕೇಳದೆಯೇ ಸಿಗುತ್ತಿದೆ.

ರಿಪೇರಿಯಿಂದ ಆಗದಿದ್ದರೆ ಹೊಸ ಖಾಲಿ ಡೇಟಾಬೇಸ್ ತೆರೆದು ಹಳೆಯದರಿಂದ ಒಂದೊಂದೇ ವಸ್ತುವನ್ನು ಇಂಪೋರ್ಟ್ ಮಾಡಿ ನೋಡಬೇಕು. ಒಂದೇ ಟೇಬಲ್ಲು ಹಟ ಹಿಡಿದರೆ ಅದರ ರಚನೆಯನ್ನು ಮಾತ್ರ ತಂದು, ಕೆಟ್ಟ ರೆಕಾರ್ಡಿನ ಮುಂಚಿನವನ್ನೂ ಆಮೇಲಿನವನ್ನೂ ಬೇರೆ ಬೇರೆ ಕ್ವೆರಿಗಳಲ್ಲಿ ತುಂಬಿದರೆ ನಷ್ಟ ಒಂದೆರಡು ರೆಕಾರ್ಡಿಗೆ ನಿಲ್ಲುತ್ತದೆ. ಕಳ್ಳ ಸಾಮಾನ್ಯವಾಗಿ ಮೆಮೊ ಅಥವಾ ಲಾಂಗ್ ಟೆಕ್ಸ್ಟ್ ಕಾಲಂ. ಅದರ ಪಠ್ಯ ಬೇರೆ ಪೇಜುಗಳಲ್ಲಿದ್ದು, ರೆಕಾರ್ಡಿನಲ್ಲಿ ಅಲ್ಲಿಗೆ ದಾರಿ ಮಾತ್ರ ಇರುತ್ತದೆ. ಆ ದಾರಿ ತಪ್ಪಿದಾಗ ಪರದೆಯ ಮೇಲೆ ಚೀನೀ ಲಿಪಿಯಂಥ ಅಕ್ಷರಗಳೋ 'ಡಿಲೀಟೆಡ್' ಎಂಬ ಪದವೋ ಕಾಣುತ್ತವೆ. ಆ ಕಾಲಂ ಒಂದನ್ನು ಬಿಟ್ಟು ಉಳಿದವನ್ನು ಕಾಪಿ ಮಾಡಿ, ಟಿಪ್ಪಣಿಗಳನ್ನು ಬ್ಯಾಕಪ್ಪಿನಿಂದ ತುಂಬಿಕೊಳ್ಳಬಹುದು.

ಡಿಬಿಎಫ್ ಫೈಲಿನ ಕಾಯಿಲೆ ಇದಕ್ಕಿಂತ ಸರಳ. ಫೈಲಿನ ತಲೆಭಾಗದಲ್ಲಿ ಒಟ್ಟು ರೆಕಾರ್ಡುಗಳ ಸಂಖ್ಯೆ ಬರೆದಿರುತ್ತದೆ. ರೆಕಾರ್ಡು ಸೇರಿಸಿ ಆ ಸಂಖ್ಯೆ ತಿದ್ದುವ ಮುನ್ನ ಕರೆಂಟು ಹೋದರೆ ಎರಡಕ್ಕೂ ತಾಳೆ ಇರುವುದಿಲ್ಲ, ವಿಷುಯಲ್ ಫಾಕ್ಸ್‌ಪ್ರೊ ಟೇಬಲ್ಲು ಕೆಟ್ಟಿದೆ ಎನ್ನುತ್ತದೆ. ಸಂಖ್ಯೆ ಸರಿಮಾಡಿದರೆ ಬಹಳ ಸಲ ಎಲ್ಲ ಮಾಹಿತಿಯೂ ಸಿಗುತ್ತದೆ. ಇಂಡೆಕ್ಸು ಬೇರೆ ಫೈಲಿನಲ್ಲಿರುವುದರಿಂದ ಅದನ್ನು ಹೊಸದಾಗಿ ಕಟ್ಟಿಕೊಳ್ಳುವುದೂ ಸುಲಭ.

ಇವತ್ತು ಎಲ್ಲರ ಜೇಬಿನಲ್ಲೂ ಇರುವ ಒಂದೇ ಫೈಲಿನ ಡೇಟಾಬೇಸ್ ಎಂದರೆ ಎಸ್‌ಕ್ಯುಲೈಟ್. ರಿಚರ್ಡ್ ಹಿಪ್ 2000ದಲ್ಲಿ ಇದನ್ನು ಮಾಡಿದಾಗ ಅವರು ಅಮೆರಿಕದ ನೌಕಾಪಡೆಯ ಹಡಗೊಂದರ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತಿದ್ದರು. ವಾಟ್ಸ್‌ಆಪ್ ಸಂದೇಶಗಳೂ ಫೈರ್‌ಫಾಕ್ಸ್‌ನ ಬುಕ್‌ಮಾರ್ಕ್‌ಗಳೂ ಉಳಿಯುವುದು ಅದರಲ್ಲೇ. ಅಲ್ಲಿ ಕಾಂಪ್ಯಾಕ್ಟ್‌ಗೆ 'ವ್ಯಾಕ್ಯೂಮ್' ಎನ್ನುತ್ತಾರೆ. ಒಳಗಿನ ಕೆಲಸ ಅದೇ, ಪಕ್ಕದಲ್ಲಿ ಹೊಸ ಫೈಲು ಕಟ್ಟುವುದು. ಮೂಲದ ಎರಡರಷ್ಟು ಖಾಲಿ ಜಾಗ ಬೇಕಾಗಬಹುದು. ಆದರೆ ಅರೆಬರೆ ಬರಹದ ಸಮಸ್ಯೆಯನ್ನು ಎಸ್‌ಕ್ಯುಲೈಟ್ ಮೊದಲಿನಿಂದಲೂ ಗಂಭೀರವಾಗಿ ತೆಗೆದುಕೊಂಡಿದೆ. ಬದಲಾಯಿಸುವ ಪೇಜಿನ ಹಳೆಯ ರೂಪವನ್ನು ಮೊದಲು ಜರ್ನಲ್ ಎಂಬ ಪಕ್ಕದ ಫೈಲಿನಲ್ಲಿ ಬರೆದಿಟ್ಟು, ಆಮೇಲೆ ಮೂಲವನ್ನು ಮುಟ್ಟುತ್ತದೆ. ಮಧ್ಯೆ ಕರೆಂಟು ಹೋದರೆ ಮುಂದಿನ ಸಲ ತೆರೆದಾಗ ಜರ್ನಲ್ ಓದಿ ಹಿಂದಿನ ಸ್ಥಿತಿಗೆ ಮರಳುತ್ತದೆ. 2010ರಲ್ಲಿ ಬಂದ ವಾಲ್ ಎಂಬ ವಿಧಾನದಲ್ಲಿ ಹೊಸ ಬದಲಾವಣೆಗಳೇ ಪಕ್ಕದ ಫೈಲಿಗೆ ಹೋಗುತ್ತವೆ. ಹೀಗಾಗಿ ಎಸ್‌ಕ್ಯುಲೈಟ್ ಫೈಲನ್ನು ಕೆಡಿಸುವ ಸುಲಭದ ದಾರಿ, 'ಇದೇನೋ ಕಸ' ಎಂದು ಆ ಪಕ್ಕದ ಫೈಲನ್ನು ಅಳಿಸುವುದು, ಅಥವಾ ಅದನ್ನು ಬಿಟ್ಟು ಮುಖ್ಯ ಫೈಲು ಮಾತ್ರ ಕಾಪಿ ಮಾಡುವುದು. ಬಳಕೆಯಲ್ಲಿರುವಾಗಲೇ ಸುರಕ್ಷಿತ ಪ್ರತಿ ಬೇಕೆಂದರೆ 2019ರಲ್ಲಿ ಬಂದ 'ವ್ಯಾಕ್ಯೂಮ್ ಇಂಟು' ಎಂಬ ಆದೇಶ ಕಾಂಪ್ಯಾಕ್ಟ್ ಆದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಬರೆದುಕೊಡುತ್ತದೆ, ಮೂಲವನ್ನು ಮುಟ್ಟುವುದಿಲ್ಲ. 'ಇಂಟೆಗ್ರಿಟಿ ಚೆಕ್' ಎಂಬ ಇನ್ನೊಂದು ಆದೇಶ ಫೈಲನ್ನೆಲ್ಲ ಜಾಲಾಡಿ, ಎಲ್ಲ ಸರಿಯಿದ್ದರೆ 'ಓಕೆ' ಎಂಬ ಒಂದೇ ಪದ ಬರೆಯುತ್ತದೆ. ಆಕ್ಸೆಸ್‌ನಲ್ಲಿ ಇದಕ್ಕೆ ಸಮನಾದದ್ದು ಇಲ್ಲದಿರುವುದು ದೊಡ್ಡ ಕೊರತೆ.

ಎಸ್‌ಕ್ಯುಲೈಟ್ ಕೂಡ ನೆಟ್‌ವರ್ಕ್ ಫೋಲ್ಡರಿನಲ್ಲಿ ಹಲವರು ಒಟ್ಟಿಗೆ ಬರೆಯಲು ಹೇಳಿಮಾಡಿಸಿದ್ದಲ್ಲ. ಹತ್ತಾರು ಮಂದಿ ದಿನವಿಡೀ ಬರೆಯುವ ಕಡೆ, ಫೈಲು 2 ಜಿಬಿಯ ಹತ್ತಿರ ಹೋಗುತ್ತಿರುವ ಕಡೆ, ಅಥವಾ ಎಷ್ಟು ಎಚ್ಚರ ವಹಿಸಿದರೂ ತಿಂಗಳಿಗೊಮ್ಮೆ ಕೆಡುವ ಕಡೆ, ಟೇಬಲ್ಲುಗಳನ್ನು ಎಸ್‌ಕ್ಯುಎಲ್ ಸರ್ವರ್, ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯುಎಲ್‌ಗೆ ಸಾಗಿಸಿ, ಆಕ್ಸೆಸ್‌ನ ಫಾರಂಗಳನ್ನು ಹಾಗೆಯೇ ಇಟ್ಟುಕೊಳ್ಳಬಹುದು. ಆಗ ಫೈಲನ್ನು ಮುಟ್ಟುವುದು ಸರ್ವರಿನ ಒಂದೇ ಪ್ರೋಗ್ರಾಂ. ಬಳಕೆದಾರರ ಕಂಪ್ಯೂಟರುಗಳು ಕೋರಿಕೆ ಮಾತ್ರ ಕಳಿಸುತ್ತವೆ, ಸಂಪರ್ಕ ಕಡಿದರೆ ಆ ಕೋರಿಕೆಯಷ್ಟೇ ರದ್ದಾಗುತ್ತದೆ. ಆದರೆ ಆಕ್ಸೆಸ್‌ನಲ್ಲಿ ಬೆಳೆದ ಕಾಂಪ್ಯಾಕ್ಟ್ ಅಭ್ಯಾಸವನ್ನು ಅಲ್ಲಿಗೆ ಒಯ್ಯಬಾರದು. ಎಸ್‌ಕ್ಯುಎಲ್ ಸರ್ವರಿನ 'ಶ್ರಿಂಕ್' ಹೊಸ ಫೈಲು ಕಟ್ಟುವುದಿಲ್ಲ, ಕೊನೆಯ ಪೇಜುಗಳನ್ನು ಎತ್ತಿ ಮುಂದಿನ ಖಾಲಿ ಜಾಗಗಳಿಗೆ ತುರುಕುತ್ತದೆ. ಅದರಿಂದ ಇಂಡೆಕ್ಸುಗಳು ಚೆಲ್ಲಾಪಿಲ್ಲಿಯಾಗಿ ಕೆಲಸ ನಿಧಾನವಾಗುತ್ತದೆ, ಮತ್ತೆ ಮಾಹಿತಿ ಸೇರಿದಾಗ ಫೈಲು ಪುನಃ ಬೆಳೆಯಲೇಬೇಕಾಗುತ್ತದೆ. ಅಲ್ಲಿ ಫೈಲಿನೊಳಗೆ ಒಂದಷ್ಟು ಖಾಲಿ ಜಾಗ ಇರುವುದನ್ನು ಆರೋಗ್ಯದ ಲಕ್ಷಣವೆಂದೇ ಎಣಿಸುತ್ತಾರೆ.